ನೆನಪಿನ ಬೆಲೆ: ಜಪಾನಿನ ದೈತ್ಯ ರೋಬೊ ಆಟಿಕೆಗಳ ಸಂಗ್ರಹವನ್ನು ಆರಂಭಿಸುವ ಬಗೆ

ವ್ಯಾಪಾರಸ್ಥರಿಗೆ ಹಳೆಯ ದಾಸ್ತಾನು ಎಂದರೆ ಚಿಂತೆಯ ವಿಷಯ. ವರ್ಷದ ಕೊನೆಯಲ್ಲಿ ದಾಸ್ತಾನು ಎಣಿಸುವಾಗ ಕೊಂಡ ಬೆಲೆ ಮತ್ತು ಮಾರಿದರೆ ಕೈಗೆ ಬರುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಲೆಕ್ಕಕ್ಕೆ ಹಿಡಿಯಬೇಕೆಂಬುದು ನಿಯಮ. ಸರಕು ಹಳೆಯದಾದಂತೆ ಅದರ ಮೌಲ್ಯ ಇಳಿಯುತ್ತದೆ ಎಂಬ ಅನುಭವವೇ ಈ ನಿಯಮಕ್ಕೆ ಆಧಾರ. ಆದರೆ ಈ ಅನುಭವಕ್ಕೆ ವಿರುದ್ಧವಾಗಿ ನಡೆಯುವ ಕೆಲವು ಸರಕುಗಳೂ ಉಂಟು. 1970 ಮತ್ತು 1980ರ ದಶಕಗಳಲ್ಲಿ ಜಪಾನಿನಲ್ಲಿ ತಯಾರಾದ ದೈತ್ಯ ರೋಬೊ ಆಟಿಕೆಗಳು ಅಂಥವುಗಳಲ್ಲಿ ಒಂದು. ಅಂದು ಮಕ್ಕಳ ಕೈಯಲ್ಲಿ ಮುರಿದು ಕಸಕ್ಕೆ ಸೇರಬೇಕಾಗಿದ್ದ ಈ ಆಟಿಕೆಗಳನ್ನು ಇಂದು ಐವತ್ತು ದಾಟಿದ ಗೃಹಸ್ಥರು ಗಾಜಿನ ಕಪಾಟಿನಲ್ಲಿಟ್ಟು ಕಾಪಾಡುತ್ತಿದ್ದಾರೆ. ಇವುಗಳಿಗಾಗಿಯೇ ಅಂಗಡಿಗಳು, ಹರಾಜುಗಳು, ದರಪಟ್ಟಿಗಳು ಹುಟ್ಟಿಕೊಂಡಿವೆ.

ಈ ಹವ್ಯಾಸ ಭಾರತದಲ್ಲಿಯೂ ನಿಧಾನವಾಗಿ ಕಾಲಿಡುತ್ತಿದೆ. ಹವ್ಯಾಸವೆಂದು ಆರಂಭಿಸಿ, ಹೂಡಿಕೆಯೆಂದು ನಂಬಿ, ಕೊನೆಗೆ ಎರಡೂ ಅಲ್ಲದ ಸ್ಥಿತಿಗೆ ತಲುಪುವ ಅಪಾಯ ಇದರಲ್ಲಿದೆ. ಆದ್ದರಿಂದ ಈ ಸರಕು ಏನು, ಇದರ ಬೆಲೆ ಎಲ್ಲಿಂದ ಬರುತ್ತದೆ, ಸಂಗ್ರಹಕ್ಕೆ ಕೈಹಾಕುವವರು ಯಾವ ಕ್ರಮವನ್ನು ಅನುಸರಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸರಕಿನ ಹಿನ್ನೆಲೆ

ಜಪಾನಿನ ದೈತ್ಯ ರೋಬೊ ಕಥೆಗಳ ಮೂಲಪುರುಷ ‘ಟೆಟ್ಸುಜಿನ್ 28’. ಮಿತ್ಸುತೆರು ಯೊಕೊಯಾಮಾ ಅವರು 1956ರಲ್ಲಿ ಚಿತ್ರಕಥೆಯಾಗಿ ಆರಂಭಿಸಿದ ಇದು 1963ರಲ್ಲಿ ದೂರದರ್ಶನದ ವ್ಯಂಗ್ಯಚಿತ್ರಮಾಲೆಯಾಯಿತು. ಆದರೆ ಆಟಿಕೆಯ ವ್ಯಾಪಾರಕ್ಕೆ ಹೊಸ ತಿರುವು ಕೊಟ್ಟದ್ದು ಗೋ ನಗಾಯ್ ಅವರ ‘ಮಜಿಂಗರ್ ಝಡ್’. 1972ರ ಡಿಸೆಂಬರ್‌ನಲ್ಲಿ ಪ್ರಸಾರ ಆರಂಭಿಸಿದ ಈ ಮಾಲೆಯಲ್ಲಿ ಹುಡುಗನೊಬ್ಬ ರೋಬೊವಿನ ತಲೆಯೊಳಗೆ ಕುಳಿತು ಅದನ್ನು ವಾಹನದಂತೆ ನಡೆಸುತ್ತಾನೆ. ನೋಡುವ ಪ್ರತಿಯೊಬ್ಬ ಬಾಲಕನೂ ತಾನೇ ಆ ಸ್ಥಾನದಲ್ಲಿರುವಂತೆ ಕಲ್ಪಿಸಿಕೊಳ್ಳಲು ಇದು ಅವಕಾಶ ಮಾಡಿಕೊಟ್ಟಿತು.

ಈ ಅವಕಾಶವನ್ನು ಸರಕನ್ನಾಗಿ ಪರಿವರ್ತಿಸಿದ ಸಂಸ್ಥೆ ಪೋಪಿ. ಬಂಡೈ ಆಟಿಕೆ ಸಂಸ್ಥೆಯ ಅಂಗಸಂಸ್ಥೆಯಾಗಿ 1971ರಲ್ಲಿ ಇದು ಆರಂಭವಾಯಿತು. 1973ರಲ್ಲಿ ಪೋಪಿಯು ಸುಮಾರು 60 ಸೆಂಟಿಮೀಟರ್ ಎತ್ತರದ ‘ಜಂಬೊ ಮಶಿಂಡರ್’ ರೋಬೊವನ್ನು ಮಾರುಕಟ್ಟೆಗೆ ತಂದಿತು. ಶಾಂಪೂ ಬಾಟಲಿಗೆ ಬಳಸುವಂಥ ಪಾಲಿಎಥಿಲೀನ್‌ನಿಂದ ಮಾಡಿದ, ಒಳಗೆ ಪೊಳ್ಳಾದ, ಹಗುರವಾದ ಆಟಿಕೆ ಅದು. ಮರುವರ್ಷ, ಅಂದರೆ 1974ರಲ್ಲಿ, ಅಂಗೈಯಲ್ಲಿ ಹಿಡಿಯಬಹುದಾದ ಆದರೆ ಕೈಗೆ ಭಾರವೆನಿಸುವ ಲೋಹದ ಮಜಿಂಗರ್ ಬಂದಿತು. ಕಥೆಯಲ್ಲಿ ರೋಬೊವಿನ ಮೈ ‘ಚೋಗೋಕಿನ್’ ಎಂಬ ಕಲ್ಪಿತ ಲೋಹದ್ದು. ಈ ಶಬ್ದಕ್ಕೆ ‘ಮಹಾ ಮಿಶ್ರಲೋಹ’ ಎಂದು ಅರ್ಥ. ಅದೇ ಹೆಸರನ್ನು ಪೋಪಿ ತನ್ನ ಲೋಹದ ಆಟಿಕೆಗಳ ಸಾಲಿಗೆ ಇಟ್ಟಿತು. ವಾಸ್ತವದಲ್ಲಿ ಇದು ಸತುವಿನ ಮಿಶ್ರಲೋಹದ ಡೈಕಾಸ್ಟ್ ಎರಕ. ಎರಕದ ಕಾರ್ಖಾನೆ ನಡೆಸುವವರಿಗೆ ‘ಜಮಕ್’ ಎಂದು ಪರಿಚಿತವಾಗಿರುವ ಜಾತಿಯ ಲೋಹ. ಸ್ಪ್ರಿಂಗ್ ಒತ್ತಿದರೆ ಮುಷ್ಟಿ ಚಿಮ್ಮಿ ಹಾರುವ ಈ ಪುಟ್ಟ ಆಟಿಕೆ ಅಪಾರ ಜನಪ್ರಿಯತೆ ಪಡೆಯಿತು. ಸತುವಿನ ಎರಕಕ್ಕೆ ಕಥೆಯ ಲೋಹದ ಹೆಸರು ಸೇರಿದಾಗ ಅದರ ಆಕರ್ಷಣೆ ಎಷ್ಟು ಪಟ್ಟು ಹೆಚ್ಚಿತು ಎಂಬುದನ್ನು ತಯಾರಕರು ಗಮನಿಸಬಹುದು.

ಅಲ್ಲಿಂದ ಮುಂದೆ ‘ಗೆಟ್ಟರ್ ರೋಬೊ’, ‘ಗ್ರೇಟ್ ಮಜಿಂಗರ್’, ‘ಗ್ರೆಂಡೈಜರ್’ ಒಂದರ ಹಿಂದೆ ಒಂದು ಬಂದವು. 1976ರ ‘ಕೊಂಬಾಟ್ಲರ್ ವಿ’ ಮತ್ತು 1977ರ ‘ವೋಲ್ಟೆಸ್ ಫೈವ್’ ಮಾಲೆಗಳಲ್ಲಿ ಐದು ವಾಹನಗಳು ಜೋಡಿಸಿಕೊಂಡು ಒಂದು ರೋಬೊ ಆಗುತ್ತದೆ. ಐದನ್ನು ಬಿಡಿಯಾಗಿಯೂ ಒಟ್ಟಾಗಿಯೂ ಮಾರಬಹುದಾದ ಈ ಕಲ್ಪನೆಯಲ್ಲಿ ಕಥೆಗಾರನ ಪಾಲಿನಷ್ಟೇ ವ್ಯಾಪಾರಿಯ ಪಾಲೂ ಇತ್ತು. ಮಾಲೆಯ ವೆಚ್ಚವನ್ನು ಆಟಿಕೆ ಸಂಸ್ಥೆ ಪ್ರಾಯೋಜಕನಾಗಿ ಭರಿಸುವುದು, ಮಾಲೆಯ ಮೂಲಕ ಆಟಿಕೆ ಮಾರಾಟವಾಗುವುದು, ಪ್ರಸಾರ ಮುಗಿದೊಡನೆ ಹೊಸ ಮಾಲೆಗೆ ಹೊಸ ಆಟಿಕೆ ತರುವುದು, ಇದು ಆ ಕಾಲದ ಪದ್ಧತಿ. ಹೀಗಾಗಿ ಪ್ರತಿ ಆಟಿಕೆಯ ಮಾರಾಟದ ಆಯುಷ್ಯ ಬಹುತೇಕ ಒಂದು ವರ್ಷದ ಆಸುಪಾಸಿನದು. ಹಳೆಯ ರೋಬೊಗಳು ಇಂದು ವಿರಳವಾಗಿರಲು ಇದೊಂದು ಕಾರಣ.

ತಯಾರಕರು ಹೋದರು, ಅಚ್ಚುಗಳು ಉಳಿದವು

ಈ ವ್ಯಾಪಾರದ ಇನ್ನೊಂದು ಮುಖವನ್ನೂ ಸಂಗ್ರಾಹಕರು ತಿಳಿದಿರಬೇಕು. 1979ರ ಏಪ್ರಿಲ್‌ನಲ್ಲಿ ಆರಂಭವಾದ ‘ಮೊಬೈಲ್ ಸೂಟ್ ಗಂಡಮ್’ ಮಾಲೆಗೆ ಕ್ಲೋವರ್ ಎಂಬ ಆಟಿಕೆ ಸಂಸ್ಥೆ ಪ್ರಾಯೋಜಕವಾಗಿತ್ತು. ಕಥೆ ಸ್ವಲ್ಪ ದೊಡ್ಡ ಹುಡುಗರಿಗೆ ಹಿಡಿಸುವಂಥದು; ಕ್ಲೋವರ್ ತಯಾರಿಸಿದ ಆಟಿಕೆಗಳಾದರೋ ಪುಟ್ಟ ಮಕ್ಕಳಿಗಾಗಿ ಇದ್ದವು. ಮಾರಾಟ ನಿರೀಕ್ಷೆಯ ಮಟ್ಟಕ್ಕೆ ಬರಲಿಲ್ಲ. ಮಾಲೆಯನ್ನು ಮೊಟಕುಗೊಳಿಸಿ 1980ರ ಜನವರಿಯಲ್ಲಿ 43ನೆಯ ಕಂತಿಗೆ ಮುಗಿಸಲಾಯಿತು. ಅದೇ ವರ್ಷ ಬಂಡೈ ಸಂಸ್ಥೆಯು ಗಂಡಮ್‌ನ ಪ್ಲಾಸ್ಟಿಕ್ ಮಾದರಿಯನ್ನು, ಗ್ರಾಹಕನೇ ಬಿಡಿಭಾಗಗಳನ್ನು ಜೋಡಿಸಿಕೊಳ್ಳುವಂತೆ, 300 ಯೆನ್ ಬೆಲೆಗೆ ಹೊರತಂದಿತು. ಮರುಪ್ರಸಾರಗಳಿಂದ ಮಾಲೆಯೂ ಜನಪ್ರಿಯವಾಗಿ ಈ ಮಾದರಿಗಳಿಗೆ ಅಂಗಡಿಗಳ ಮುಂದೆ ಸಾಲು ನಿಲ್ಲುವಂತಾಯಿತು. ಕ್ಲೋವರ್ 1983ರಲ್ಲಿ ದಿವಾಳಿಯಾಯಿತು. ಅದು ಮೊದಲು ಪ್ರಾಯೋಜಿಸಿದ ಹೆಸರಿನಿಂದ ಇಂದಿನ ಬಂಡೈ ನಾಮ್ಕೊ ಸಮೂಹಕ್ಕೆ ಬರುವ ವಾರ್ಷಿಕ ವಹಿವಾಟು ಹತ್ತು ಸಾವಿರ ಕೋಟಿ ಯೆನ್‌ಗಳನ್ನು ಮೀರಿದೆ. ಸರಕು ಸರಿಯಿದ್ದರೂ ಗ್ರಾಹಕ ಯಾರೆಂಬುದನ್ನು ತಪ್ಪಾಗಿ ಊಹಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ತಕತೋಕು ಸಂಸ್ಥೆಯ ಕಥೆಯೂ ಇದಕ್ಕೆ ಹತ್ತಿರವಾದುದೇ. 1982ರ ‘ಮ್ಯಾಕ್ರಾಸ್’ ಮಾಲೆಗಾಗಿ ಅದು ಯುದ್ಧವಿಮಾನವೇ ರೋಬೊ ಆಗಿ ಮಾರ್ಪಡುವ ಅತ್ಯುತ್ತಮ ಆಟಿಕೆಯನ್ನು ತಯಾರಿಸಿತು. ಆದರೂ 1984ರಲ್ಲಿ ಮುಳುಗಿತು. ಆ ವಿಮಾನದ ಅಚ್ಚುಗಳು ಮಾತ್ರ ಬಂಡೈ ಕೈಸೇರಿ ಮುಂದೆಯೂ ದುಡಿದವು. ಅದೇ ಆಟಿಕೆ ಅಮೆರಿಕದ ಹ್ಯಾಸ್ಬ್ರೋ ಸಂಸ್ಥೆಯ ಮೂಲಕ 1985ರಲ್ಲಿ ‘ಜೆಟ್‌ಫೈರ್’ ಎಂಬ ಹೊಸ ಹೆಸರಿನಲ್ಲಿ ಮಾರಾಟವಾಯಿತು. ಹ್ಯಾಸ್ಬ್ರೋ 1984ರಲ್ಲಿ ಆರಂಭಿಸಿದ ‘ಟ್ರಾನ್ಸ್‌ಫಾರ್ಮರ್ಸ್’ ಸಾಲು ಸಹ ಬಹುಮಟ್ಟಿಗೆ ಜಪಾನಿನ ತಕಾರಾ ಸಂಸ್ಥೆಯ ‘ಡಯಾಕ್ಲೋನ್’ ಮತ್ತು ‘ಮೈಕ್ರೋಮ್ಯಾನ್’ ಆಟಿಕೆಗಳಿಂದಲೇ ರೂಪುಗೊಂಡದ್ದು. ಪೋಪಿ 1983ರಲ್ಲಿ ಬಂಡೈಯಲ್ಲಿ ವಿಲೀನವಾಯಿತು. ಪೆಟ್ಟಿಗೆಯ ಮೇಲೆ ಯಾವ ಸಂಸ್ಥೆಯ ಮುದ್ರೆ ಇದೆ ಎಂಬುದರಿಂದಲೇ ಆಟಿಕೆಯ ಕಾಲವನ್ನು ಸ್ಥೂಲವಾಗಿ ನಿರ್ಧರಿಸಲು ಈ ಇತಿಹಾಸ ನೆರವಾಗುತ್ತದೆ.

ಬೆಲೆ ಎಲ್ಲಿಂದ ಬರುತ್ತದೆ

ಚಿನ್ನಕ್ಕೆ ಲೋಹದ ಬೆಲೆಯಿದೆ, ಷೇರಿಗೆ ಲಾಭಾಂಶವಿದೆ, ಕಟ್ಟಡಕ್ಕೆ ಬಾಡಿಗೆಯಿದೆ. ಹಳೆಯ ಆಟಿಕೆಗೆ ಇವು ಯಾವುವೂ ಇಲ್ಲ. ಅದರಲ್ಲಿರುವ ಸತುವನ್ನು ತೂಕಕ್ಕೆ ಹಾಕಿದರೆ ಪುಡಿಗಾಸು ಬಂದೀತು. ಅದರ ಬೆಲೆಗೆ ಆಧಾರವಾಗಿರುವುದು ಒಂದು ತಲೆಮಾರಿನ ಬಾಲ್ಯದ ನೆನಪು. ಹಾಗಾಗಿ ಕೊಳ್ಳುವ ಮುನ್ನ ‘ಈ ರೋಬೊ ಯಾರ ನೆನಪು, ಅವರಿಗೆ ಈಗ ಎಷ್ಟು ವಯಸ್ಸು’ ಎಂಬ ಪ್ರಶ್ನೆಯನ್ನು ಹಾಕಿಕೊಳ್ಳಬೇಕು.

ಈ ನೆನಪು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ‘ಗ್ರೆಂಡೈಜರ್’ 1978ರಲ್ಲಿ ಇಟಲಿಯಲ್ಲಿಯೂ ಫ್ರಾನ್ಸಿನಲ್ಲಿಯೂ ಪ್ರಸಾರವಾಗಿ ಅಲ್ಲಿ ಮನೆಮಾತಾಯಿತು. ಫ್ರೆಂಚರು ಅದನ್ನು ‘ಗೋಲ್ಡೊರಾಕ್’ ಎಂದೇ ಬಲ್ಲರು. ಅಮೆರಿಕದಲ್ಲಿ ಮ್ಯಾಟೆಲ್ ಸಂಸ್ಥೆ 1977ರಿಂದ ಪೋಪಿಯ ಆಟಿಕೆಗಳನ್ನು ‘ಶೋಗನ್ ವಾರಿಯರ್ಸ್’ ಎಂಬ ಹೆಸರಿನಲ್ಲಿ ಮಾರಿತು. ಫಿಲಿಪೈನ್ಸ್‌ನಲ್ಲಿ 1978ರಲ್ಲಿ ಆರಂಭವಾದ ‘ವೋಲ್ಟೆಸ್ ಫೈವ್’ ಪ್ರಸಾರವನ್ನು ಮರುವರ್ಷ ಮಾರ್ಕೋಸ್ ಸರ್ಕಾರ ನಿಷೇಧಿಸಿತು. ಕೊನೆಯ ಕಂತುಗಳನ್ನು ಕಾಣದೆ ಉಳಿದ ಆ ಮಕ್ಕಳು ದೊಡ್ಡವರಾದ ಮೇಲೂ ಅದನ್ನು ಮರೆಯಲಿಲ್ಲ. 2023ರಲ್ಲಿ ಅಲ್ಲಿಯ ವಾಹಿನಿಯೊಂದು ಅದೇ ಕಥೆಯನ್ನು ನಟರನ್ನಿಟ್ಟು ಹೊಸದಾಗಿ ನಿರ್ಮಿಸಿತು. ಭಾರತದಲ್ಲಿ 1980ರ ದಶಕದಲ್ಲಿ ದೂರದರ್ಶನ ನೋಡಿದವರಿಗೆ, ಬಾಲಕನೊಬ್ಬ ಕೈಗಡಿಯಾರದ ಮೂಲಕ ಆಜ್ಞೆ ಕೊಡುವ ‘ಜಯಂಟ್ ರೋಬೊ’ ನೆನಪಿರಬಹುದು. ಅದು ಯೊಕೊಯಾಮಾ ಅವರದೇ ಕಥೆಯನ್ನು ಆಧರಿಸಿದ, 1967ರಲ್ಲಿ ಜಪಾನಿನಲ್ಲಿ ಪ್ರಸಾರವಾದ 26 ಕಂತುಗಳ ಮಾಲೆ. ಈ ಹವ್ಯಾಸಕ್ಕೆ ಮನಸೋಲುವ ಹಲವು ಭಾರತೀಯರಿಗೆ ಬೀಜ ಬಿದ್ದದ್ದು ಅಲ್ಲಿಯೇ.

ನೆನಪಿಗೆ ವ್ಯಾಪಾರದ ಶಕ್ತಿ ಎಷ್ಟಿದೆ ಎಂಬುದನ್ನು ಕೋಬೆ ನಗರದ ವರ್ತಕರು ತೋರಿಸಿಕೊಟ್ಟಿದ್ದಾರೆ. 1995ರ ಭೂಕಂಪದಲ್ಲಿ ಅಲ್ಲಿಯ ನಗಾತಾ ವಿಭಾಗದ ಪೇಟೆ ಬಹಳವಾಗಿ ಹಾಳಾಯಿತು. ಯೊಕೊಯಾಮಾ ಕೋಬೆಯಲ್ಲಿ ಹುಟ್ಟಿದವರು. ಪೇಟೆಗೆ ಜನರನ್ನು ಮರಳಿ ಕರೆತರುವ ಉದ್ದೇಶದಿಂದ ಸ್ಥಳೀಯರು ಮುಂದಾಗಿ 2009ರಲ್ಲಿ 15 ಮೀಟರಿಗೂ ಎತ್ತರದ ಟೆಟ್ಸುಜಿನ್ ಪ್ರತಿಮೆಯನ್ನು ಅಲ್ಲಿ ನಿಲ್ಲಿಸಿದರು.

ಆದರೆ ನೆನಪಿಗೂ ಆಯುಷ್ಯವಿದೆ. 1974ರಲ್ಲಿ ಎಂಟು ವರ್ಷದವನಾಗಿದ್ದ ಬಾಲಕ ಇಂದು ಅರವತ್ತರ ಆಸುಪಾಸಿನಲ್ಲಿದ್ದಾನೆ. ಈ ತಲೆಮಾರಿನವರು ಕೊಳ್ಳುವುದನ್ನು ನಿಲ್ಲಿಸಿ, ತಮ್ಮ ಸಂಗ್ರಹಗಳನ್ನು ಮಾರತೊಡಗಿದಾಗ ಬೇಡಿಕೆ ಕುಗ್ಗಿ ಪೂರೈಕೆ ಹೆಚ್ಚುವ ಸಂಭವವನ್ನು ತಳ್ಳಿಹಾಕುವಂತಿಲ್ಲ. ಹೊಸ ತಲೆಮಾರಿಗೆ ಹಳೆಯ ಕಥೆಯ ಮೇಲೆ ಪ್ರೀತಿ ಹುಟ್ಟಿದರೆ ಬೆಲೆ ನಿಲ್ಲುತ್ತದೆ, ಹುಟ್ಟದಿದ್ದರೆ ಇಳಿಯುತ್ತದೆ.

ಇದಲ್ಲದೆ ಮರುತಯಾರಿಕೆಯ ಪ್ರಶ್ನೆಯೂ ಇದೆ. ಬಂಡೈ 1997ರಲ್ಲಿ ‘ಸೋಲ್ ಆಫ್ ಚೋಗೋಕಿನ್’ ಎಂಬ ಹೊಸ ಸಾಲನ್ನು ಮಜಿಂಗರ್‌ನಿಂದಲೇ ಆರಂಭಿಸಿತು. ಬೆಳೆದು ದೊಡ್ಡವರಾದ ಗ್ರಾಹಕರಿಗೆಂದೇ ತಯಾರಾದ ಇವು ಹಳೆಯವುಗಳಿಗಿಂತ ಚೊಕ್ಕವಾಗಿವೆ. ಕೈಕಾಲುಗಳ ಚಲನೆಯೂ ಹೆಚ್ಚು. ಹಳೆಯದನ್ನು ಕೇವಲ ರೂಪಕ್ಕಾಗಿ ಬಯಸುವವರು ಹೊಸದರಿಂದ ತೃಪ್ತರಾಗುತ್ತಾರೆ. ಹಳೆಯದಕ್ಕೆ ಉಳಿಯುವ ಬೇಡಿಕೆ ಮೂಲಪ್ರತಿಯೇ ಬೇಕೆನ್ನುವವರದು ಮಾತ್ರ.

ಆರಂಭಿಸುವ ಕ್ರಮ

ಮೊದಲನೆಯದಾಗಿ, ಸಂಗ್ರಹದ ಎಲ್ಲೆಯನ್ನು ಗುರುತಿಸಿಕೊಳ್ಳಬೇಕು. ಒಂದೇ ಮಾಲೆ, ಒಂದೇ ತಯಾರಕ, ಅಥವಾ ಒಂದೇ ಅಳತೆಯ ಆಟಿಕೆಗಳು, ಹೀಗೆ ಒಂದು ಗೆರೆ ಬೇಕು. ಉದಾಹರಣೆಗೆ, 1974ರಿಂದ 1983ರವರೆಗಿನ ಪೋಪಿ ಮುದ್ರೆಯ ಲೋಹದ ಆಟಿಕೆಗಳು ಮಾತ್ರ ಎಂದು ನಿಶ್ಚಯಿಸಬಹುದು. ಗೆರೆಯಿಲ್ಲದ ಸಂಗ್ರಹ ಬೇಗನೆ ಗುಜರಿಯ ರೂಪ ತಾಳುತ್ತದೆ. ಮಾರುವಾಗಲೂ ಅದಕ್ಕೆ ಗಿರಾಕಿ ಸಿಗುವುದು ಕಷ್ಟ.

ಎರಡನೆಯದಾಗಿ, ಮೊದಲ ಆರು ತಿಂಗಳು ಕೊಳ್ಳುವುದಕ್ಕಿಂತ ನೋಡುವುದು ಹೆಚ್ಚಾಗಿರಬೇಕು. ಕೇಳುವ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಹರಾಜುಗಳಲ್ಲಿ ನಿಜವಾಗಿ ವಸ್ತು ಯಾವ ಬೆಲೆಗೆ ಹೋಯಿತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಾ ಹೋದರೆ ಮಾರುಕಟ್ಟೆಯ ನಾಡಿ ತಿಳಿಯುತ್ತದೆ.

ಮೂರನೆಯದಾಗಿ, ಹತ್ತು ಸಾಧಾರಣ ವಸ್ತುಗಳಿಗಿಂತ ಒಂದು ಪೂರ್ಣ ವಸ್ತು ಮೇಲು. ಪೂರ್ಣ ಎಂದರೆ ಆಟಿಕೆಯ ಜೊತೆಗೆ ಮೂಲ ರಟ್ಟಿನ ಪೆಟ್ಟಿಗೆ, ಒಳಗಿನ ಥರ್ಮೋಕೋಲ್ ತಟ್ಟೆ, ಸೂಚನಾಪತ್ರ, ಅಂಟಿಸದ ಚೀಟಿಗಳು, ಎಲ್ಲಕ್ಕಿಂತ ಮುಖ್ಯವಾಗಿ ಚಿಮ್ಮುವ ಮುಷ್ಟಿಗಳು ಮತ್ತು ಪುಟ್ಟ ಗುಂಡುಗಳು. ಮಕ್ಕಳು ಮೊದಲು ಕಳೆಯುತ್ತಿದ್ದುದು ಈ ಗುಂಡುಗಳನ್ನೇ. 1970ರ ದಶಕದ ಕೊನೆಗೆ ಅಮೆರಿಕದಲ್ಲಿ ಆಟಿಕೆಯ ಗುಂಡು ಗಂಟಲಿಗೆ ಸಿಕ್ಕಿ ಮಗುವೊಂದು ಸತ್ತ ಪ್ರಕರಣದ ನಂತರ ಅಲ್ಲಿ ಚಿಮ್ಮುವ ಗುಂಡುಗಳ ಮೇಲೆ ಬಿಗಿ ಬಂದಿತು. ಒಂದೇ ರೋಬೊ ಗುಂಡು ಚಿಮ್ಮುವ ಮತ್ತು ಚಿಮ್ಮದ ಎರಡು ರೂಪಗಳಲ್ಲಿ ಸಿಕ್ಕಿದರೆ ಕಾರಣ ಇದೇ ಇರಬಹುದು.

ಖರೀದಿಯ ಸ್ಥಳಗಳಲ್ಲಿ ಹೆಸರಾದದ್ದು ಟೋಕಿಯೊದ ನಕಾನೋ ಬ್ರಾಡ್‌ವೇ. 1966ರಲ್ಲಿ ಕಟ್ಟಿದ ಈ ವಾಣಿಜ್ಯ ಸಂಕೀರ್ಣದಲ್ಲಿ 1980ರಲ್ಲಿ ಹಳೆಯ ಚಿತ್ರಕಥೆ ಪುಸ್ತಕಗಳ ಪುಟ್ಟ ಮಳಿಗೆಯಾಗಿ ಆರಂಭವಾದ ‘ಮಂದರಾಕೆ’ ಇಂದು ಹಳೆಯ ಆಟಿಕೆಗಳ ದೊಡ್ಡ ವ್ಯಾಪಾರ ಸಂಸ್ಥೆ. ಒಸಾಕಾದ ನಿಪ್ಪೊಂಬಾಶಿಯಲ್ಲಿಯೂ ಇಂಥ ಅಂಗಡಿಗಳಿವೆ. ಜಪಾನಿನಲ್ಲಿ ಬಳಸಿದ ವಸ್ತುಗಳ ವ್ಯಾಪಾರಕ್ಕೆ 1949ರ ಕಾಯ್ದೆಯಡಿ ಪರವಾನಗಿ ಕಡ್ಡಾಯ. ಆದ್ದರಿಂದ ಪರವಾನಗಿ ಇರುವ ಅಂಗಡಿಯಿಂದ ಕೊಳ್ಳುವುದು ಕ್ಷೇಮ. ಅಲ್ಲಿಯ ಹರಾಜುಗಳಲ್ಲಿ ಹೊರದೇಶದವರ ಪರವಾಗಿ ಕೂಗಿ ಕೊಡುವ ಮಧ್ಯವರ್ತಿಗಳೂ ಇದ್ದಾರೆ. ವಿವರಣೆಯಲ್ಲಿ ‘ಜಂಕ್’ ಎಂಬ ಪದವಿದ್ದರೆ ವಸ್ತು ಇದ್ದ ಸ್ಥಿತಿಯಲ್ಲಿಯೇ ಮಾರಾಟ, ವಾಪಸಾತಿ ಇಲ್ಲ ಎಂದು ಅರ್ಥಮಾಡಿಕೊಳ್ಳಬೇಕು.

ಅಸಲಿನ ಪರೀಕ್ಷೆ ಮತ್ತು ಸಂರಕ್ಷಣೆ

ಬೆಲೆ ಏರಿದಲ್ಲೆಲ್ಲ ನಕಲು ಬರುತ್ತದೆ. ಇಡೀ ಆಟಿಕೆಯ ನಕಲಿಗಿಂತ ಭಾಗಗಳ ನಕಲನ್ನು ಪತ್ತೆಹಚ್ಚುವುದು ಕಷ್ಟ. ಹೊಸದಾಗಿ ಮುದ್ರಿಸಿದ ಪೆಟ್ಟಿಗೆ, ಹೊಸದಾಗಿ ಎರಕ ಹೊಯ್ದ ಮುಷ್ಟಿ, ಮತ್ತೆ ಬಳಿದ ಬಣ್ಣ, ಇವುಗಳನ್ನು ಅಸಲಿನ ಜೊತೆ ಸೇರಿಸಿ ‘ಪೂರ್ಣ’ ಎಂದು ಮಾರುವುದುಂಟು. ಮುದ್ರಣದ ಚುಕ್ಕೆಗಳು, ರಟ್ಟಿನ ಒಳಬದಿಯ ಬಣ್ಣ, ಲೋಹದ ಮೂಲೆಗಳಲ್ಲಿ ಬಣ್ಣ ಸವೆದಿರುವ ರೀತಿ, ಬೆನ್ನಿನ ಮೇಲಿನ ತಯಾರಕರ ಗುರುತು ಇವನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕು. ದುರಸ್ತಿ ಮಾಡಿಸುವುದು ತಪ್ಪಲ್ಲ. ಮಾರುವವನು ಅದನ್ನು ಹೇಳದಿರುವುದು ತಪ್ಪು. ಏನೇನು ಮೂಲದ್ದು ಎಂಬುದನ್ನು ಬರಹದಲ್ಲಿ ಕೇಳಿ ಪಡೆಯುವುದು ಉತ್ತಮ.

ಈ ಸರಕಿನ ಶತ್ರುಗಳು ಬೆಳಕು, ತೇವ ಮತ್ತು ಶಾಖ. ಬಿಳಿಯ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗುತ್ತದೆ. ಮೃದು ವಿನೈಲ್ ಆಟಿಕೆಗಳಿಂದ ಕಾಲಕ್ರಮದಲ್ಲಿ ಎಣ್ಣೆಯಂಥ ಅಂಟು ಹೊರಬರುತ್ತದೆ; ಅದು ತಾಗಿದ ಥರ್ಮೋಕೋಲ್ ಕರಗಿ ಹಿಡಿದುಕೊಳ್ಳುತ್ತದೆ. ಸತುವಿನ ಎರಕದಲ್ಲಿ ಸೀಸದ ಕಲಬೆರಕೆ ಮಿತಿಮೀರಿದ್ದರೆ ತೇವದಿಂದ ಒಳಗಿನಿಂದಲೇ ಬಿರುಕು ಹುಟ್ಟಿ ಆಟಿಕೆ ಪುಡಿಯಾಗುತ್ತದೆ, ಇದಕ್ಕೆ ಮದ್ದಿಲ್ಲ. ಮಂಗಳೂರು, ಕಾರವಾರಗಳಂಥ ಕರಾವಳಿಯ ಊರುಗಳಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕಪಾಟಿನಲ್ಲಿಟ್ಟು ಆಗಾಗ ಬದಲಿಸಬೇಕು. ಬ್ಯಾಟರಿಗಳನ್ನು ತೆಗೆದಿಡಬೇಕು. ಕಪಾಟನ್ನು ಕಿಟಕಿಯ ಎದುರು ಇಡಬಾರದು.

ಲೆಕ್ಕ ಇಡುವ ಬಗೆ

ವಸ್ತುವಿನ ಮೇಲಿನ ಬೆಲೆ ಅದರ ನಿಜವಾದ ವೆಚ್ಚವಲ್ಲ. ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಆಟಿಕೆಯ ಬೆಲೆ 10,000 ರೂಪಾಯಿ. ಮಧ್ಯವರ್ತಿಯ ದಲ್ಲಾಳಿ ಮತ್ತು ಜಪಾನಿನೊಳಗಿನ ಸಾಗಣೆ 1,500. ಅಂತರರಾಷ್ಟ್ರೀಯ ಸಾಗಣೆ ಮತ್ತು ವಿಮೆ 3,500. ಸುಂಕ ಹಾಗೂ ತೆರಿಗೆ 7,000. ಒಟ್ಟು 22,000 ರೂಪಾಯಿ. ಮುಂದೆ ಇದನ್ನು ಮಾರುವಾಗ ವ್ಯಾಪಾರಿ ಪೇಟೆಯ ಬೆಲೆಯಲ್ಲಿ ಶೇಕಡಾ 30ನ್ನು ತನ್ನ ಪಾಲೆಂದು ಕಳೆದುಕೊಂಡು ಉಳಿದದ್ದನ್ನು ಕೊಡುತ್ತಾನೆ ಎಂದು ಇಟ್ಟುಕೊಂಡರೆ, ಅಸಲು ಕೈಸೇರಬೇಕಾದರೆ ಪೇಟೆಯ ಬೆಲೆ ಸುಮಾರು 31,400 ರೂಪಾಯಿ ಆಗಿರಬೇಕು. ಅಂದರೆ ವಸ್ತುವಿನ ಬೆಲೆ ಮೂರು ಪಟ್ಟಿಗೂ ಹೆಚ್ಚಾದ ಮೇಲೆ ನಷ್ಟ ನಿಲ್ಲುತ್ತದೆ. ಇಷ್ಟು ವರ್ಷ ಹಣಕ್ಕೆ ಬರಬಹುದಾಗಿದ್ದ ಬಡ್ಡಿಯನ್ನು ಇಲ್ಲಿ ಸೇರಿಸಿಲ್ಲ. ‘ಬೆಲೆ ದುಪ್ಪಟ್ಟಾಗಿದೆ’ ಎಂಬ ಮಾತನ್ನು ಕೇಳಿ ಹೂಡಿಕೆಗೆ ಮುಂದಾಗುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಆಮದಿನ ನಿಯಮಗಳೂ ಲಘುವಾಗಿಲ್ಲ. ಆಟಿಕೆಗಳ ಮೇಲಿನ ಮೂಲ ಸೀಮಾಸುಂಕವನ್ನು 2020ರಲ್ಲಿ ಶೇಕಡಾ 20ರಿಂದ 60ಕ್ಕೂ 2023ರಲ್ಲಿ ಶೇಕಡಾ 70ಕ್ಕೂ ಏರಿಸಲಾಯಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯವಾಯಿತು. ಬಳಸಿದ ಸರಕುಗಳ ಆಮದಿಗೆ, ಯಂತ್ರೋಪಕರಣಗಳಂಥ ಬಂಡವಾಳ ಸರಕುಗಳನ್ನು ಬಿಟ್ಟರೆ, ವಿದೇಶ ವ್ಯಾಪಾರ ನೀತಿಯಲ್ಲಿ ನಿರ್ಬಂಧವಿದ್ದು ಪರವಾನಗಿ ಬೇಕಾಗುತ್ತದೆ. ಸ್ವಂತ ಬಳಕೆಗೆ ಒಂದೆರಡನ್ನು ತರಿಸುವುದಕ್ಕೂ ಮಾರಾಟಕ್ಕೆಂದು ತರಿಸುವುದಕ್ಕೂ ಕಾನೂನಿನ ದೃಷ್ಟಿಯಲ್ಲಿ ವ್ಯತ್ಯಾಸವಿದೆ. ಹಣ ಕಳುಹಿಸುವ ಮೊದಲೇ ಕಸ್ಟಮ್ಸ್ ದಲ್ಲಾಳಿಯನ್ನು ವಿಚಾರಿಸಿ, ಅಂದಿನ ದರವನ್ನೂ ನಿಯಮವನ್ನೂ ಖಚಿತಪಡಿಸಿಕೊಳ್ಳಬೇಕು. ಬೆಲೆಯನ್ನು ಕಡಿಮೆ ತೋರಿಸಿ ಅಥವಾ ‘ಉಡುಗೊರೆ’ ಎಂದು ಬರೆಸಿ ತರಿಸುವ ಸಲಹೆಗೆ ಕಿವಿಗೊಡಬಾರದು. ಸಿಕ್ಕಿಬಿದ್ದರೆ ದಂಡದ ಜೊತೆ ವಸ್ತುವೂ ಹೋಗುತ್ತದೆ.

ಸಂಸ್ಥೆಯ ಹಣದಿಂದ ಕೊಂಡು ಕಚೇರಿಯ ಅಲಂಕಾರದ ಖರ್ಚೆಂದು ಬರೆಯುವುದು ಸರಿಯಲ್ಲ. ಸ್ವಂತದ ಹವ್ಯಾಸಕ್ಕೆ ತೆಗೆದ ಹಣವನ್ನು ಮಾಲೀಕರ ಸ್ವಂತ ಖರ್ಚಿನ ಖಾತೆಗೇ ಹಾಕಬೇಕು. ಅದರ ಮೇಲಿನ ಸರಕು ಮತ್ತು ಸೇವಾ ತೆರಿಗೆಯ ಜಮೆಯನ್ನು ಪಡೆಯುವಂತಿಲ್ಲ. ಪದೇ ಪದೇ ಕೊಂಡು ಮಾರುತ್ತಿದ್ದರೆ ಆದಾಯ ತೆರಿಗೆ ಇಲಾಖೆ ಅದನ್ನು ವ್ಯಾಪಾರವೆಂದೇ ಪರಿಗಣಿಸಬಹುದು. ಯಾವಾಗ, ಯಾರಿಂದ, ಎಷ್ಟಕ್ಕೆ ಕೊಂಡದ್ದು, ಸ್ಥಿತಿ ಹೇಗಿತ್ತು ಎಂಬ ವಿವರಗಳ ದಾಸ್ತಾನು ಪುಸ್ತಕವನ್ನು ರಸೀದಿ ಮತ್ತು ಛಾಯಾಚಿತ್ರಗಳ ಸಹಿತ ಇಟ್ಟಿರಬೇಕು. ವಿಮೆಗೂ ಇದೇ ಆಧಾರ. ಸಂಗ್ರಾಹಕನ ಕಾಲಾನಂತರ ಮನೆಯವರಿಗೆ, ಕಪಾಟಿನಲ್ಲಿರುವುದು ಮಕ್ಕಳಿಗೆ ಹಂಚಿಬಿಡುವ ಸಾಮಾನೋ ಬೆಲೆಬಾಳುವ ವಸ್ತುವೋ ಎಂದು ತಿಳಿಸುವುದೂ ಈ ಪುಸ್ತಕವೇ.

ಒಟ್ಟಿನಲ್ಲಿ

ಕ್ಲೋವರ್ ಮತ್ತು ತಕತೋಕು ಸಂಸ್ಥೆಗಳು ಈ ವ್ಯಾಪಾರದೊಳಗೇ ಇದ್ದವು. ಮಾರುಕಟ್ಟೆಯನ್ನು ಬಲ್ಲ ಸಂಸ್ಥೆಗಳೇ ಆಗಿದ್ದವು. ಮಕ್ಕಳ ಮನಸ್ಸು ಮುಂದಿನ ವರ್ಷ ಎತ್ತ ತಿರುಗುವುದೆಂದು ಅವುಗಳಿಗೇ ಅಂದಾಜು ಸಿಗಲಿಲ್ಲ. ದೂರದ ದೇಶದಲ್ಲಿ ಕುಳಿತವರು ಐವತ್ತು ವರ್ಷಗಳ ಹಿಂದಿನ ಮಕ್ಕಳ ಮನಸ್ಸು ಇನ್ನು ಇಪ್ಪತ್ತು ವರ್ಷಗಳ ನಂತರ ಎಷ್ಟು ಬೆಲೆಬಾಳುವುದೆಂದು ಊಹಿಸಿ ಬಂಡವಾಳ ಹೂಡುವುದು ವಿವೇಕವಲ್ಲ.

ಆದ್ದರಿಂದ ಮಗಳ ಮದುವೆಗೆ, ಕಾರ್ಖಾನೆಯ ವಿಸ್ತರಣೆಗೆ, ವೃದ್ಧಾಪ್ಯಕ್ಕೆ ತೆಗೆದಿರಿಸಿದ ಹಣವನ್ನು ಇದಕ್ಕೆ ಮುಟ್ಟಬಾರದು. ಪೂರ್ತಿ ಹೋದರೂ ಸಂಸಾರಕ್ಕೆ ತೊಂದರೆಯಾಗದಷ್ಟು ಮೊತ್ತವನ್ನು ವರ್ಷಕ್ಕಿಷ್ಟು ಎಂದು ನಿಗದಿಪಡಿಸಿಕೊಂಡು, ಅದರೊಳಗೆ ಒಂದೊಂದನ್ನೇ ಆರಿಸಿ ಕೊಳ್ಳಬೇಕು. ಹಾಗೆ ಕೊಂಡ ವಸ್ತು ಮುಂದೆ ಬೆಲೆ ಕಳೆದುಕೊಂಡರೂ ಅದನ್ನು ಕೈಯಲ್ಲಿ ಹಿಡಿದು ಸ್ಪ್ರಿಂಗ್ ಒತ್ತಿದಾಗ ಚಿಮ್ಮುವ ಮುಷ್ಟಿಯ ಸಂತೋಷ ಸಂಗ್ರಾಹಕನಿಗೆ ಉಳಿದಿರುತ್ತದೆ. ಆ ಸಂತೋಷ ತನಗೆ ಸಾಕು ಎನ್ನುವವರು ಮಾತ್ರ ಈ ಸಂಗ್ರಹವನ್ನು ಆರಂಭಿಸುವುದು ಲೇಸು.